ಮೌಸಿನ ಕುಣಿತ

ಹಳೆಯ ಲಿನಕ್ಸ್ ಗಣಕಯಂತ್ರದಲ್ಲಿ ಮೌಸನ್ನು ಮೆಲ್ಲನೆ ಸರಿಸಿದರೂ ತೆರೆಯ ಮೇಲಿನ ಬಾಣವು ಮೂಲೆಯಿಂದ ಮೂಲೆಗೆ ಹಾರುವುದುಂಟು. ಒತ್ತದ ಗುಂಡಿಯೂ ಒತ್ತಿದಂತಾಗುವುದು. ಒಡನೆಯೇ ಹೊಸ ಮೌಸಿಗೆ ಹಣ ತೆರುವುದು ದುಂದೆಂದೇ ನಮ್ಮ ಅಭಿಪ್ರಾಯ.

ಪಿಎಸ್/2 ಮೌಸು ತನ್ನ ಚಲನೆಯನ್ನು ಮೂರು ಬೈಟುಗಳ ಕಂತುಗಳಲ್ಲಿ ತಿಳಿಸುತ್ತದೆ. ಮೊದಲನೆಯದರಲ್ಲಿ ಗುಂಡಿಗಳ ಸುದ್ದಿ, ಉಳಿದೆರಡರಲ್ಲಿ ಸರಿದ ದೂರ. ಗಾಲಿಯುಳ್ಳ ಮೌಸಾದರೋ ಗಾಲಿಗೆಂದು ನಾಲ್ಕನೆಯ ಬೈಟನ್ನು ಕೂಡಿಸಬಲ್ಲುದು. ಅದು ನಾಲ್ಕನ್ನು ಕಳುಹಿಸುತ್ತಿರಲು ಚಾಲಕ ತಂತ್ರಾಂಶವು ಮೂರನ್ನೇ ಎಣಿಸಿದರೆ, ಮಿಕ್ಕ ಬೈಟು ಮುಂದಿನ ಕಂತಿನ ತಲೆಗೆ ಸೇರಿ, ಗುಂಡಿಯ ಸುದ್ದಿಯನ್ನು ದೂರವೆಂದೂ ದೂರವನ್ನು ಗುಂಡಿಯೆಂದೂ ಓದುವಂತಾಗುತ್ತದೆ.

ಆದಕಾರಣ ನಾವು ಎಕ್ಸ್‌ಎಫ್86ಕಾನ್ಫಿಗ್ ಕಡತವನ್ನು ತೆರೆದು, ಮೌಸಿನ ವಿಭಾಗದ 'ಪ್ರೋಟೋಕಾಲ್' ಸಾಲಿನಲ್ಲಿ 'ಪಿಎಸ್/2' ಇದ್ದಲ್ಲಿ 'ಐಎಂಪಿಎಸ್/2' ಎಂದು ತಿದ್ದಿ, ಚಿತ್ರತೆರೆಯ ವ್ಯವಸ್ಥೆಯನ್ನು ಮರಳಿ ಆರಂಭಿಸಬೇಕು. ತಿದ್ದುವ ಮುನ್ನ ಕಡತದ ಪ್ರತಿಯೊಂದನ್ನು ತೆಗೆದಿಡುವುದು ಲೇಸು. 2003ರಲ್ಲಿ ಬಂದ 2.6ನೆಯ ಕರ್ನೆಲಿನಿಂದೀಚೆಗೆ ಈ ಎಣಿಕೆಯನ್ನು ಕರ್ನೆಲೇ ವಹಿಸಿಕೊಂಡಿರುವುದರಿಂದ ಹೊಸ ಯಂತ್ರಗಳಲ್ಲಿ ಈ ತೊಡಕು ವಿರಳ.