ಪಿಸ್ತೂಲಿನ ಮೈಮೇಲಿನ ಅಂಕೆಗಳು

ಉಗಾರ ಬುದ್ರುಕ, ಕಾಗವಾಡ, ಅಥಣಿಗಳ ಕಡೆಯ ಕೆಲವು ಹಳೆಯ ವಾಡೆಗಳಲ್ಲಿ ಖಂಡೇನವಮಿಯ ದಿನ ಪೂರ್ವಿಕರ ಆಯುಧಗಳನ್ನು ಹೊರತೆಗೆದು ಪೂಜಿಸುವ ವಾಡಿಕೆಯುಂಟು. ಖಡ್ಗ ಕಠಾರಿಗಳ ನಡುವೆ ಒಮ್ಮೊಮ್ಮೆ ತುಕ್ಕು ಹಿಡಿದ ಪಿಸ್ತೂಲೊಂದೂ ಕಾಣಸಿಗುವುದು. ಅದು ಮುತ್ತಜ್ಜನ ಕಾಲದ್ದೆಂಬುದಷ್ಟೇ ಮನೆಯವರಿಗೆ ಗೊತ್ತು. ಕೊಳ್ಳಬಂದ ವ್ಯಾಪಾರಿಯಾದರೋ ಅದನ್ನು ಹಿಂದುಮುಂದಾಗಿ ತಿರುಗಿಸಿ ಅಂಕೆಗಳನ್ನು ಓದಿಕೊಳ್ಳುತ್ತಾನೆ. ಆಮೇಲೆ ಬಾಯಿಗೆ ಬಂದ ಬೆಲೆ ಹೇಳುತ್ತಾನೆ. ಆ ಅಂಕೆಗಳನ್ನು ಮನೆಯವರೂ ಓದಬಲ್ಲವರಾದರೆ ಮೋಸಹೋಗುವ ಸಂಭವ ಕಡಿಮೆ.

ಕಬ್ಬಿಣದ ವಯಸ್ಸನ್ನು ಪ್ರಯೋಗಶಾಲೆಯಲ್ಲಿಯೇ ಅಳೆಯಬಾರದೇಕೆ ಎಂದು ವಾಚಕರು ಕೇಳಬಹುದು. ಇದ್ದಿಲಿನಿಂದ ಕರಗಿಸಿದ ಕಬ್ಬಿಣದಲ್ಲಿ ಮರದ ಇಂಗಾಲ ಸ್ವಲ್ಪ ಸೇರಿರುವುದರಿಂದ ಇಂಗಾಲ-14ರ ವಿಧಾನವನ್ನು ಅದಕ್ಕೂ ಅನ್ವಯಿಸಬಹುದೆಂಬುದು ನಿಜವೇ. ಆದರೆ ಆ ಉತ್ತರದಲ್ಲಿ ಕೆಲವು ದಶಕಗಳ ಅನಿಶ್ಚಯ ಉಳಿಯುತ್ತದೆ; ಕಳೆದ ಮೂರು ಶತಮಾನಗಳ ವಸ್ತುಗಳಲ್ಲಂತೂ ಅದು ಇನ್ನೂ ಹೆಚ್ಚು. ಕಲ್ಲಿದ್ದಲಿನ ಕೋಕಿನಿಂದ ಕರಗಿಸಿದ ಉಕ್ಕಾದರೆ ವಿಧಾನವೇ ವ್ಯರ್ಥ, ಏಕೆಂದರೆ ಕಲ್ಲಿದ್ದಲಿನ ಇಂಗಾಲ-14 ಎಂದೋ ಕ್ಷಯಿಸಿಹೋಗಿದೆ. ಪಿಸ್ತೂಲು ಇಂಥ ವರ್ಷದ್ದೇ ಎಂದು ನಿರ್ಣಯಿಸಲು ಕಮ್ಮಾರನ ಉಳಿಯೋ ಕಾರ್ಖಾನೆಯ ಠಸ್ಸೆಯೋ ಮೂಡಿಸಿದ ಅಂಕೆಗೆ ಸಮನಾದ ಸಾಕ್ಷಿ ಇನ್ನೊಂದಿಲ್ಲ.

ಈ ಸಾಕ್ಷಿಯ ಭಾಷೆ ಮಾತ್ರ ಎಲ್ಲೆಡೆಯೂ ಒಂದೇ ಅಲ್ಲ. ನಮ್ಮ ನಾಡಿನದೇ ಉತ್ತಮ ನಿದರ್ಶನವೆಂದರೆ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪು ಸುಲ್ತಾನನಿಗಾಗಿ ತಯಾರಾದ ಚಕಮಕಿ ಕಲ್ಲಿನ ಬಂದೂಕು ಪಿಸ್ತೂಲುಗಳು. ಟಿಪ್ಪು 1787ರ ಸುಮಾರಿಗೆ ಹಿಜರಿ ಶಕವನ್ನು ಬಿಟ್ಟು, ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕವನ್ನು ಬಳಕೆಗೆ ತಂದನು. ಹಿಜರಿ ವರ್ಷ ಶುದ್ಧ ಚಾಂದ್ರಮಾನದ್ದು. ಅದಕ್ಕೆ ಸುಮಾರು 354 ದಿನಗಳು. ಮೌಲೂದಿ ವರ್ಷವಾದರೋ ನಮ್ಮ ಪಂಚಾಂಗದಂತೆ ಅಧಿಕಮಾಸಗಳನ್ನು ಸೇರಿಸಿಕೊಂಡು ಸೂರ್ಯನ ಗತಿಯೊಡನೆ ಹೊಂದಿಕೊಂಡು ನಡೆಯುವಂಥದು. ಆದುದರಿಂದ ಶಾಲಿವಾಹನ ಶಕಕ್ಕೆ 78 ಕೂಡಿಸಿದಂತೆ ಇದಕ್ಕೆ 572 ಕೂಡಿಸಿದರೆ ಸಾಕು, ಕ್ರಿಸ್ತಶಕದ ವರ್ಷ ದೊರೆಯುತ್ತದೆ.

ಒಂದು ಪಿಸ್ತೂಲಿನ ಮೇಲೆ 1224 ಎಂದಿದೆಯೆನ್ನೋಣ. ಮೌಲೂದಿಯೆಂದು ತಿಳಿದರೆ ಅದು 1796-97, ನಮ್ಮ ನಳ ಸಂವತ್ಸರ. ಹಿಜರಿಯೆಂದು ಭ್ರಮಿಸಿದರೆ ಲೆಕ್ಕ ಬೇರೆ: ಚಾಂದ್ರವರ್ಷ ಚಿಕ್ಕದಾದ್ದರಿಂದ 1224ನ್ನು 0.97ರಿಂದ ಗುಣಿಸಿ 622 ಕೂಡಿಸಬೇಕು. ಸುಮಾರು 1809 ಬರುತ್ತದೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಹೀಗಾಗಿ ಅಪ್ಪಟ ವಸ್ತುವೊಂದು, ಒಡೆಯನು ಸತ್ತ ಹತ್ತು ವರ್ಷಗಳ ಮೇಲೆ ಹುಟ್ಟಿದ ನಕಲಿಯೆನಿಸಿಕೊಳ್ಳುತ್ತದೆ!

ಇನ್ನೊಂದು ತೊಡಕುಂಟು. ಅರಬ್ಬೀ ಲಿಪಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ನಡೆದರೂ ಅಂಕೆಗಳನ್ನು ನಮ್ಮಂತೆಯೇ, ದೊಡ್ಡ ಸ್ಥಾನವು ಎಡಕ್ಕೆ ಬರುವಂತೆ ಬರೆಯುವುದು ರೂಢಿ. ಟಿಪ್ಪು ಅಂಕೆಗಳನ್ನೂ ಬಲದಿಂದ ಎಡಕ್ಕೆ ಬರೆಯಿಸಿದನು. ಆದ್ದರಿಂದ 1224 ನಮ್ಮ ಕಣ್ಣಿಗೆ 4221 ಆಗಿ ಕಾಣುತ್ತದೆ. ಇದೊಂದು ವರವೇ ಸರಿ. ಅಂಕೆ ತಿರುವುಮುರುವಾಗಿದ್ದರೆ ಅದು ಮೌಲೂದಿಯೆಂದು ತಿಳಿಯಬಹುದು. ಆದರೆ 1221ನ್ನು ಯಾವ ಕಡೆಯಿಂದ ಓದಿದರೂ 1221ಕ್ಕೇ ಬರುತ್ತದೆ. ಅಂಥಲ್ಲಿ ಆಯುಧದ ಹುಲಿಪಟ್ಟೆಯ ಅಲಂಕಾರ, ಚೌಕದ ನಾಲ್ಕು ಮನೆಗಳಲ್ಲಿ ಹಂಚಿ ಬರೆದ ‘ಹೈದರ್’ ಎಂಬ ಅಕ್ಷರಗಳು ಮುಂತಾದ ಬೇರೆ ಗುರುತುಗಳ ನೆರವನ್ನು ಪಡೆಯಬೇಕು. ಇಂಥ ಗುರುತುಗಳಿಂದ ಬೆಲೆ ಎಷ್ಟು ಏರಬಹುದೆಂಬುದಕ್ಕೆ 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹಮ್ಸ್ ಸಂಸ್ಥೆ ನಡೆಸಿದ ಹರಾಜೇ ಸಾಕ್ಷಿ: ಟಿಪ್ಪುವಿನ ಆಯುಧಾದಿಗಳ ಒಂದು ಸಂಗ್ರಹ ಅಲ್ಲಿ ಸುಮಾರು 60 ಲಕ್ಷ ಪೌಂಡುಗಳಿಗೆ ಹೋಯಿತು.

ಹತ್ತೊಂಬತ್ತನೆಯ ಶತಮಾನದ ಯಂತ್ರೋದ್ಯಮದಲ್ಲಿ ವರ್ಷದ ಬದಲು ಕ್ರಮಾಂಕವು ರೂಢಿಗೆ ಬಂದಿತು. ಅಮೆರಿಕದ ಕೋಲ್ಟ್ ಕಂಪನಿಯು ‘ಸಿಂಗಲ್ ಆಕ್ಷನ್ ಆರ್ಮಿ’ ರಿವಾಲ್ವರಿಗೆ 1873ರಲ್ಲಿ 1ನೆಯ ಅಂಕೆಯನ್ನು ಒತ್ತಿ, 1940ರ ವೇಳೆಗೆ 3,57,859ರವರೆಗೆ ನಡೆಯಿತು. 1,79,000ನೆಯದು ಎಂದಿನದು? ಸಂಖ್ಯೆ ಅರ್ಧ ದಾರಿಯಲ್ಲಿದೆ, ಆದ್ದರಿಂದ ವರ್ಷವೂ ಅರ್ಧ ದಾರಿಯ 1906 ಎಂದು ವಿದ್ಯಾರ್ಥಿಯು ಉತ್ತರಿಸುವನು. ಆದರೆ ಸಂಗ್ರಾಹಕರು ಬಳಸುವ ಉತ್ಪಾದನಾ ಕೋಷ್ಟಕದಂತೆ ಅದು 1898ರದು. ತಯಾರಿಕೆಯ ವೇಗ ಸಮವಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ಅದು ತೀರ ಇಳಿದಿತ್ತು. ನಕ್ಷೆಯಲ್ಲಿ ಬರೆದರೆ ಸರಳರೇಖೆಯಲ್ಲ, ವಕ್ರರೇಖೆ. ಈ ಎಂಟು ವರ್ಷಗಳು ಅಲಕ್ಷಿಸುವಂಥವಲ್ಲ: 1898ರವರೆಗಿನ ಬಂದೂಕುಗಳನ್ನು ಅಮೆರಿಕದ ಕಾನೂನು ಪುರಾತನವೆಂದು ಗಣಿಸುವುದರಿಂದ ಬೆಲೆಯೇ ಬೇರೆಯಾಗುತ್ತದೆ.

ಜರ್ಮನ್ ಸೈನ್ಯದ ಲ್ಯೂಗರ್ ಪಿಸ್ತೂಲಿನ ರೀತಿ ಇನ್ನೊಂದು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಪ್ರತಿ ವರ್ಷವೂ 1ರಿಂದ ಎಣಿಕೆ ತೊಡಗುತ್ತಿತ್ತು. ಹತ್ತು ಸಾವಿರ ಮುಗಿದರೆ ಒಂದು ಅಕ್ಷರ ಸೇರಿಸಿ ಮತ್ತೆ 1. ಅದೇ ಅಂಕೆ ನಾಲ್ಕಾರು ಪಿಸ್ತೂಲುಗಳ ಮೇಲಿರಬಹುದು. ನಳಿಗೆಯ ಬುಡದಲ್ಲಿರುವ ವರ್ಷವನ್ನು ಕೂಡಿಸಿ ಓದದ ಹೊರತು ಅದಕ್ಕೆ ಅರ್ಥವಿಲ್ಲ. ಚಿಕ್ಕ ಭಾಗಗಳ ಮೇಲೂ ಅಂಕೆಯ ಕೊನೆಯ ಎರಡು ಸ್ಥಾನಗಳಿರುತ್ತವೆ. ಎಲ್ಲವೂ ತಾಳೆಯಾದರೆ ಬೆಲೆ ಹೆಚ್ಚು, ಒಂದು ತಪ್ಪಿದರೂ ಬೇರೊಂದರ ಭಾಗ ಸೇರಿದೆಯೆಂದರ್ಥ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಇಂಗ್ಲಿಷ್ ವೆಬ್ಲಿಯ ವಿಷಯದಲ್ಲಿ ಹೆಸರೇ ಕಾಲವನ್ನು ಹೇಳುವುದು: ‘ವೆಬ್ಲಿ ಅಂಡ್ ಸ್ಕಾಟ್’ ಎಂಬ ಜೋಡಿ ಹೆಸರು 1897ಕ್ಕೆ ಹಿಂದೆ ಇರಲಿಲ್ಲ.

ಅಂಕೆಯನ್ನು ಅರದಿಂದ ಉಜ್ಜಿ ಅಳಿಸಿದ್ದರೆ? ಭೌತವಿಜ್ಞಾನವು ನೆರವಿಗೆ ಬರುವುದು ಇಲ್ಲಿಯೇ. ಉಕ್ಕು ಸಣ್ಣ ಸಣ್ಣ ಹರಳುಗಳ ಕೂಟ. ಠಸ್ಸೆಯ ಪೆಟ್ಟು ಬಿದ್ದಾಗ ಕಾಣುವ ತಗ್ಗಿನ ಕೆಳಗೂ, ಸಾಕಷ್ಟು ಆಳದವರೆಗೆ, ಹರಳುಗಳು ನಜ್ಜುಗುಜ್ಜಾಗಿ ಬಿಗಿತಕ್ಕೊಳಗಾಗುತ್ತವೆ. ತಗ್ಗನ್ನು ಉಜ್ಜಿಹಾಕಿದರೂ ಈ ಬಿಗಿತ ಉಳಿಯುತ್ತದೆ. ಹಾಗೆ ನೊಂದ ಲೋಹದಲ್ಲಿ ಶಕ್ತಿ ಕೂಡಿಟ್ಟಿರುವುದರಿಂದ ಅದು ಆಮ್ಲದಲ್ಲಿ ಸುತ್ತಲ ಲೋಹಕ್ಕಿಂತ ಬೇಗ ಕರಗುವುದು. ಮೇಲ್ಮೈಯನ್ನು ನಯಗೊಳಿಸಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಾಮ್ರದ ಕ್ಲೋರೈಡನ್ನು ಬೆರೆಸಿದ ದ್ರಾವಣದಿಂದ ಒರೆಸಿದರೆ, ಮಾಯವಾದ ಅಂಕೆ ಮಸುಕಾಗಿ ಮೇಲೆದ್ದು ಬರುತ್ತದೆ. 3ನ್ನು ತಿದ್ದಿ 8 ಮಾಡಿದ್ದರೆ ಅಡಗಿದ 3 ಹೊರಬೀಳುವುದು. ಅಪರಾಧ ತನಿಖೆಯ ಪ್ರಯೋಗಶಾಲೆಗಳಲ್ಲಿ ಇದು ನಿತ್ಯದ ಕೆಲಸ. ತೀರ ಆಳವಾಗಿ ಕೊರೆದಿದ್ದರೆ ಮಾತ್ರ ಫಲವಿಲ್ಲ. ಟಿಪ್ಪುವಿನ ಪಿಸ್ತೂಲಿನಂತೆ ಉಳಿಯಿಂದ ಕೆತ್ತಿದ ಬರಹಕ್ಕೂ ಈ ಉಪಾಯ ಅಷ್ಟಾಗಿ ಒದಗದು; ಕೆತ್ತುವಾಗ ಲೋಹ ಜಜ್ಜಿಹೋಗುವುದಿಲ್ಲ, ಚೂರಾಗಿ ಹೊರಬೀಳುತ್ತದೆ.

ಇದನ್ನು ಮನೆಯಲ್ಲಿ ಪ್ರಯೋಗಿಸಬೇಡಿರೆಂದು ಬೇರೆ ಹೇಳಬೇಕಾಗಿಲ್ಲ. ನಿಜವಾಗಿ ಹಳೆಯ ಪಿಸ್ತೂಲಿಗೆ ಕಳ್ಳನ ಅರಕ್ಕಿಂತ ಮನೆಯವರ ಇಟ್ಟಿಗೆಪುಡಿ, ಹುಣಿಸೆಹುಳಿಗಳೇ ಹೆಚ್ಚು ಕೇಡು ಮಾಡುತ್ತವೆ. ವರ್ಷ ವರ್ಷವೂ ತಿಕ್ಕಿ ತೊಳೆದಂತೆ ಅಂಕೆ ಸವೆಯುತ್ತದೆ, ಹಳೆಯ ಮೆರುಗೂ ಹೋಗುತ್ತದೆ. ಹೊಳೆಯುವ ಪಿಸ್ತೂಲಿಗಿಂತ ಮಾಸಿದ ಪಿಸ್ತೂಲಿಗೇ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಮೆತ್ತನೆಯ ಬಟ್ಟೆಯಿಂದ ಎಣ್ಣೆ ಒರೆಸಿ, ಓರೆಯಾಗಿ ಬೆಳಕು ಬಿಟ್ಟು ಅಂಕೆಗಳ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಸಾಕು.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1959ರ ಆಯುಧಗಳ ಕಾಯಿದೆಯ 8ನೆಯ ಕಲಮಿನಂತೆ ಬಂದೂಕಿನ ಅಂಕೆಯನ್ನು ಅಳಿಸುವುದಾಗಲಿ ತಿದ್ದುವುದಾಗಲಿ ಅಪರಾಧ. ರಿಪೇರಿ ಮಾಡಿದರೂ ಹಾರಿಸಲು ಬಾರದ ಪುರಾತನ ಆಯುಧಕ್ಕೆ 45ನೆಯ ಕಲಮಿನಲ್ಲಿ ವಿನಾಯಿತಿಯುಂಟು. ಹಾರುವಂಥದಾದರೆ, ಎಷ್ಟೇ ಹಳೆಯದಾದರೂ, ಪರವಾನಗಿಯ ವಿಚಾರವನ್ನು ಪೊಲೀಸ್ ಠಾಣೆಯಲ್ಲಿ ಕೇಳಿ ತಿಳಿಯತಕ್ಕದ್ದು. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು 1972ರ ಪ್ರಾಚ್ಯವಸ್ತುಗಳ ಕಾಯಿದೆಯಂತೆ ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಆದಕಾರಣ ಲಂಡನ್ನಿನ ಹರಾಜಿನ ಬೆಲೆಯನ್ನು ತೋರಿಸಿ ಆಸೆ ಹುಟ್ಟಿಸುವ ದಲ್ಲಾಳಿಯ ಮಾತಿಗೆ ಕಿವಿಗೊಡದಿರುವುದೇ ಲೇಸು.