ಮೇಕ್‌ಗೆ ಹೇಳಿದ್ದು ಜಿಸಿಸಿಗೆ ತಲುಪಿತಾ?

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಲ್ಲಿಯವರೆಗೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಟೆಕ್ನಿಕಲ್ ಲೇಖನ ಬರೆಯೋದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ನಮ್ಮದು ಕನ್ನಡ ಸಂಘದ ಪತ್ರಿಕೆ, ಹಾಗಾಗಿ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೀನಿ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ನೀವು ಇಂಗ್ಲಿಷ್‌ನಲ್ಲೇ ಹಾಕಬೇಕು. ಸಿಫ್ಲ್ಯಾಗ್ಸ್, ಎಲ್‌ಡಿಫ್ಲ್ಯಾಗ್ಸ್ ಥರದ ಹೆಸರುಗಳು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿರಬೇಕು.

ಈ ಲೇಖನ ಬರೆಯೋಕೆ ಕಾರಣ ನಮ್ಮ ಮೂರನೇ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್. ನಾವು ಮೂವರು ಸೇರಿ ಸಿ ಭಾಷೆಯಲ್ಲಿ ಹಾಸ್ಟೆಲ್ ಮೆಸ್ ಖರ್ಚು ಲೆಕ್ಕ ಹಾಕೋ ಪ್ರೋಗ್ರಾಮ್ ಮಾಡಿದ್ವಿ. ದಿನಕ್ಕೊಂದು ಮೊತ್ತ ಇರುವ ಫೈಲ್ ಕೊಟ್ಟರೆ ಅದು ತಿಂಗಳ ಒಟ್ಟು ಹೇಳಬೇಕು, ಅಷ್ಟೇ. ಒಬ್ಬ ಗೆಳೆಯನ ಕೆಲಸ ತರಕಾರಿ, ದಿನಸಿ, ಹಾಲಿನ ಬಿಲ್‌ಗಳನ್ನೆಲ್ಲ ನೋಡಿ ದಿನದ ಮೊತ್ತ ಟೈಪ್ ಮಾಡೋದು. ಸೆಪ್ಟೆಂಬರ್ ಲೆಕ್ಕ ಸರಿಯಾಗಿ ಬಂತು. ಅಕ್ಟೋಬರ್ ಲೆಕ್ಕ ಮಾತ್ರ ಮೆಸ್ ರಿಜಿಸ್ಟರ್‌ನಲ್ಲಿ ಇರೋದಕ್ಕಿಂತ ಸರಿಯಾಗಿ ಎರಡು ಪಟ್ಟು ಬಂತು.

ನಮಗೆ ಅನ್ನಿಸಿದ್ದು ಒಂದೇ: ಇವನು ಬಿಲ್‌ಗಳನ್ನ ಎರಡೆರಡು ಸಲ ಕೂಡಿಸಿದ್ದಾನೆ. ಅವನು "ಇಲ್ಲ ಮಾರಾಯ, ಪ್ರೋಗ್ರಾಮ್‌ನಲ್ಲೇ ಏನೋ ಇದೆ, ಅರೇ ನೋಡಿ" ಅಂದ. ಸರಿ ಅಂತ ನಾನು ಅಡ್ರೆಸ್ ಸ್ಯಾನಿಟೈಸರ್ ಹಾಕಿ ನೋಡಿದೆ. ಇದು ಜಿಸಿಸಿಯಲ್ಲೇ ಇರುವ ಒಂದು ಆಪ್ಷನ್. ಅರೇಯ ಗಡಿ ದಾಟಿ ಓದಿದರೆ ಅಥವಾ ಬರೆದರೆ ಪ್ರೋಗ್ರಾಮ್ ಓಡುವಾಗಲೇ ಹಿಡಿದು ತೋರಿಸುತ್ತೆ. ನಾನು ಕೊಟ್ಟ ಕಮಾಂಡ್ ಇದು:

ಮೇಕ್ ಸಿಫ್ಲ್ಯಾಗ್ಸ್=-ಎಫ್‌ಸ್ಯಾನಿಟೈಜ್=ಅಡ್ರೆಸ್

ಓಡಿಸಿದೆ. ಒಂದೂ ಎರರ್ ಇಲ್ಲ. "ನೋಡಪ್ಪ, ಸ್ಯಾನಿಟೈಸರ್ ಕ್ಲೀನ್ ಅಂತಿದೆ, ತಪ್ಪು ನಿಂದೇ" ಅಂತ ತೀರ್ಪು ಕೊಟ್ಟೆ. ಪಾಪ, ಅವನು ರಾತ್ರಿ ಕೂತು 31 ದಿನದ ಬಿಲ್‌ಗಳನ್ನ ಮತ್ತೆ ಕೂಡಿಸಿ ಹೊಸ ಫೈಲ್ ಮಾಡಿದ. ಆಗಲೂ ಎರಡು ಪಟ್ಟೇ ಬಂತು.

ಮಾರನೇ ದಿನ ಲ್ಯಾಬ್‌ನಲ್ಲಿ ಸರ್ ಹತ್ರ ಹೋದ್ವಿ. ಅವರು ಕೋಡ್ ನೋಡಲೇ ಇಲ್ಲ. "ನೀವು ಮೇಕ್‌ಗೆ ಹೇಳಿದ್ರಿ. ಮೇಕ್ ಜಿಸಿಸಿಗೆ ಹೇಳ್ತಾ? ಆ ಸಾಲು ತೋರಿಸಿ" ಅಂದರು. ತೋರಿಸೋಕೆ ನನ್ನ ಹತ್ರ ಸಾಲೇ ಇರಲಿಲ್ಲ. ಅವತ್ತು ಮಧ್ಯಾಹ್ನ ಆ ಆಪ್ಷನ್ ಎಲ್ಲೆಲ್ಲಿ ಕಳೆದುಹೋಗ್ತಿದೆ ಅಂತ ಹುಡುಕುತ್ತಾ ಕಲಿತಿದ್ದನ್ನೇ ಇಲ್ಲಿ ಕ್ರಮವಾಗಿ ಬರೀತೀನಿ.

1. ಮೇಕ್ ಏನೂ ಮಾಡಲೇ ಇಲ್ಲ

ನಾನು ಕಮಾಂಡ್ ಕೊಟ್ಟಾಗ ಸ್ಕ್ರೀನ್ ಮೇಲೆ ಬಂದಿದ್ದು ಒಂದೇ ಸಾಲು: 'ಲೆಕ್ಕ' ಈಸ್ ಅಪ್ ಟು ಡೇಟ್. ನಾನು ಅದನ್ನ ಓದಿ ಖುಷಿಪಟ್ಟಿದ್ದೆ. ನಿಜವಾದ ಅರ್ಥ ಏನಂದ್ರೆ, ಮೇಕ್ ಜಿಸಿಸಿಯನ್ನ ಕರೆದೇ ಇಲ್ಲ. ನಾನು ಓಡಿಸಿದ್ದು ಹಿಂದಿನ ದಿನದ ಹಳೇ ಪ್ರೋಗ್ರಾಮ್.

ಮೇಕ್ ನೋಡೋದು ಫೈಲ್‌ಗಳ ಸಮಯ ಮಾತ್ರ. ಲೆಕ್ಕ.ಓ ಫೈಲ್‌ಗಿಂತ ಲೆಕ್ಕ.ಸಿ ಹೊಸದಾಗಿದ್ದರೆ ಮತ್ತೆ ಕಂಪೈಲ್ ಮಾಡುತ್ತೆ, ಇಲ್ಲದಿದ್ದರೆ ಬಿಡುತ್ತೆ. ಹೋದ ಸಲ ಯಾವ ಆಪ್ಷನ್‌ನಲ್ಲಿ ಕಂಪೈಲ್ ಆಗಿತ್ತು ಅನ್ನೋದನ್ನ ಅದು ಎಲ್ಲೂ ಬರೆದಿಟ್ಟುಕೊಳ್ಳಲ್ಲ. ಆಪ್ಷನ್ ಬದಲಾದರೂ ಫೈಲ್‌ನ ಸಮಯ ಬದಲಾಗಲ್ಲ, ಹಾಗಾಗಿ ಮೇಕ್ ಪಾಲಿಗೆ ಏನೂ ಬದಲಾಗಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಮೇಕ್ ಅನ್ನು 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದವರು ಸ್ಟುವರ್ಟ್ ಫೆಲ್ಡ್‌ಮನ್. ಅವರ ಸಹೋದ್ಯೋಗಿ, ಯಾಕ್ ಬರೆದ ಸ್ಟೀವ್ ಜಾನ್ಸನ್, ಒಂದು ಬೆಳಗ್ಗೆಯೆಲ್ಲ ಸರಿಯಾಗಿದ್ದ ಪ್ರೋಗ್ರಾಮನ್ನೇ ಡಿಬಗ್ ಮಾಡಿ ಸುಸ್ತಾಗಿದ್ದರಂತೆ. ತಪ್ಪು ತಿದ್ದಿಯಾಗಿತ್ತು, ಆದರೆ ಆ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ. ಆ ಕಷ್ಟ ತಪ್ಪಿಸೋಕೆ ಹುಟ್ಟಿದ ಟೂಲ್ ಇದು. ಮುಂದೆ 2003ರಲ್ಲಿ ಫೆಲ್ಡ್‌ಮನ್‌ಗೆ ಇದಕ್ಕಾಗಿ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಅವಾರ್ಡ್ ಕೂಡ ಬಂತು. ಕೋಡ್ ಬದಲಾದರೆ ಮೇಕ್ ನಮ್ಮನ್ನ ಕಾಪಾಡುತ್ತೆ. ಆಪ್ಷನ್ ಬದಲಾದರೆ ನಾವು ಜಾನ್ಸನ್ ಕೂತ ಜಾಗದಲ್ಲೇ ಕೂತಿರ್ತೀವಿ.

ಪರಿಹಾರ ಸುಲಭ. ಆಪ್ಷನ್ ಬದಲಾಯಿಸಿದಾಗಲೆಲ್ಲ ಮೊದಲು 'ಮೇಕ್ ಕ್ಲೀನ್' ಕೊಡಿ. ಇಲ್ಲದಿದ್ದರೆ 'ಮೇಕ್ -ಬಿ' ಕೊಡಿ, ಇದು ಕ್ಯಾಪಿಟಲ್ ಬಿ. ಸಮಯ ನೋಡದೆ ಎಲ್ಲವನ್ನೂ ಮತ್ತೆ ಮಾಡು ಅಂತ ಅರ್ಥ.

2. ರೂಲ್‌ನಲ್ಲಿ ಆ ಹೆಸರೇ ಇರಲಿಲ್ಲ

ಕ್ಲೀನ್ ಮಾಡಿ ಮತ್ತೆ ಓಡಿಸಿದೆ. ಈಗ ಜಿಸಿಸಿ ಸಾಲುಗಳು ಕಂಡವು, ಆದರೆ ಒಂದರಲ್ಲೂ ಸ್ಯಾನಿಟೈಸರ್ ಇಲ್ಲ. ನಮ್ಮ ಮೇಕ್‌ಫೈಲ್ ಸೀನಿಯರ್ ಒಬ್ಬರಿಂದ ಇಸ್ಕೊಂಡಿದ್ದು. ಅದರಲ್ಲಿ ಹೀಗಿತ್ತು:

ಸಿಫ್ಲ್ಯಾಗ್ಸ್ = -ವಾಲ್ -ಐ ಇನ್‌ಕ್ಲೂಡ್

ಲೆಕ್ಕ.ಓ: ಲೆಕ್ಕ.ಸಿ
    ಜಿಸಿಸಿ -ವಾಲ್ -ಐ ಇನ್‌ಕ್ಲೂಡ್ -ಸಿ ಲೆಕ್ಕ.ಸಿ

ಮೇಲೆ ಸಿಫ್ಲ್ಯಾಗ್ಸ್ ಇದೆ, ಕೆಳಗೆ ಅದನ್ನ ಯಾರೂ ಬಳಸಿಲ್ಲ. ಸಿಫ್ಲ್ಯಾಗ್ಸ್ ಅನ್ನೋದು ಒಂದು ವೇರಿಯೇಬಲ್ ಅಷ್ಟೇ. ನಾವೇ ರೂಲ್ ಬರೆದಾಗ ಅದರಲ್ಲಿ $(ಸಿಫ್ಲ್ಯಾಗ್ಸ್) ಅಂತ ಹಾಕದಿದ್ದರೆ, ಹೊರಗಿಂದ ಎಷ್ಟೇ ಕೂಗಿದರೂ ಒಳಗೆ ಕೇಳಿಸಲ್ಲ. ನಾವು ರೂಲೇ ಬರೆಯದೆ ಮೇಕ್‌ನ ಬಿಲ್ಟ್-ಇನ್ ರೂಲ್‌ಗೆ ಬಿಟ್ಟರೆ, ಅದು ತಾನಾಗೇ ಸಿಪಿಪಿಫ್ಲ್ಯಾಗ್ಸ್ ಮತ್ತು ಸಿಫ್ಲ್ಯಾಗ್ಸ್ ಎರಡನ್ನೂ ಸೇರಿಸಿಕೊಳ್ಳುತ್ತೆ.

3. ಹೊಸದು ಬಂತು, ಹಳೇದು ಹೋಯ್ತು

ರೂಲ್ ತಿದ್ದಿ $(ಸಿಫ್ಲ್ಯಾಗ್ಸ್) ಹಾಕಿದೆ. ಈಗ ಜಿಸಿಸಿ "ಹೆಡರ್ ಫೈಲ್ ಸಿಗ್ತಿಲ್ಲ" ಅಂತ ಶುರು ಮಾಡಿತು. ಕಮಾಂಡ್ ಲೈನ್‌ನಲ್ಲಿ ಕೊಟ್ಟ ಬೆಲೆ ಮೇಕ್‌ಫೈಲ್‌ನಲ್ಲಿರುವ ಬೆಲೆಯ ಜೊತೆ ಸೇರಲ್ಲ, ಅದರ ಜಾಗದಲ್ಲೇ ಕೂರುತ್ತೆ. ಹಾಗಾಗಿ -ಐ ಇನ್‌ಕ್ಲೂಡ್ ಪೂರ್ತಿ ಅಳಿಸಿಹೋಗಿತ್ತು. ಮೇಕ್‌ಫೈಲ್‌ನಲ್ಲಿ += ಅಂತ ಬರೆದರೂ ಪ್ರಯೋಜನ ಇಲ್ಲ, ಕಮಾಂಡ್ ಲೈನ್ ಮುಂದೆ ಅದೂ ನಡೆಯಲ್ಲ. ಓವರ್‌ರೈಡ್ ಅನ್ನೋ ಪದವನ್ನ ಮುಂದೆ ಹಾಕಿ ಬರೆದರೆ ಮಾತ್ರ ಸೇರುತ್ತೆ.

ಬೆಲೆ ಎಲ್ಲಿಂದ ಬಂದರೆ ಯಾವುದು ಗೆಲ್ಲುತ್ತೆ ಅನ್ನೋದನ್ನ ಹೀಗೆ ನೆನಪಿಟ್ಟುಕೊಳ್ಳಿ. ಕಮಾಂಡ್ ಲೈನ್ ಎಲ್ಲರಿಗಿಂತ ಮೇಲೆ. ಅದರ ಕೆಳಗೆ ಮೇಕ್‌ಫೈಲ್. ಅದಕ್ಕಿಂತ ಕೆಳಗೆ ಶೆಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದ ಎನ್ವಿರಾನ್‌ಮೆಂಟ್ ವೇರಿಯೇಬಲ್. ಅಂದ್ರೆ ನೀವು ಸಿಫ್ಲ್ಯಾಗ್ಸ್ ಅನ್ನು ಎಕ್ಸ್‌ಪೋರ್ಟ್ ಮಾಡಿದ್ದು, ಮೇಕ್‌ಫೈಲ್‌ನಲ್ಲಿ = ಹಾಕಿ ಬೇರೆ ಬೆಲೆ ಕೊಟ್ಟಿದ್ದರೆ, ನಿಮ್ಮದು ಸೋಲುತ್ತೆ, ಅದೂ ಸದ್ದಿಲ್ಲದೆ. ಮೇಕ್‌ಫೈಲ್‌ನಲ್ಲಿ ?= ಅಂತ ಇದ್ದರೆ ಮಾತ್ರ "ಮೊದಲೇ ಇದ್ದರೆ ಅದೇ ಇರಲಿ" ಅಂತ ಬಿಟ್ಟುಕೊಡುತ್ತೆ.

ಇದಕ್ಕೆ ಗ್ನೂ ಪ್ರಾಜೆಕ್ಟ್‌ನವರ ಕೋಡಿಂಗ್ ನಿಯಮದಲ್ಲಿ ಒಳ್ಳೇ ಪದ್ಧತಿ ಇದೆ. ಸಿಫ್ಲ್ಯಾಗ್ಸ್ ಬಳಸುವವರ ಸ್ವತ್ತು, ಅವರು ಏನು ಬೇಕಾದರೂ ಹಾಕಲಿ. ಇಲ್ಲದಿದ್ದರೆ ಕಂಪೈಲೇ ಆಗಲ್ಲ ಅನ್ನುವ ಆಪ್ಷನ್‌ಗಳನ್ನ ಅದರಲ್ಲಿ ಇಡಬೇಡಿ, ಬೇರೆ ಕಡೆ ಇಡಿ. ನಾವು 'ಕಡ್ಡಾಯ' ಅಂತ ಬೇರೆ ವೇರಿಯೇಬಲ್ ಮಾಡಿ -ಐ ಇನ್‌ಕ್ಲೂಡ್ ಅಲ್ಲಿಗೆ ಹಾಕಿದ್ವಿ. ಸಿಫ್ಲ್ಯಾಗ್ಸ್ ಅನ್ನು ಅದರ ನಂತರ ಬರೆದ್ವಿ. ಜಿಸಿಸಿಗೆ -ಓ0, -ಓ2 ಎರಡೂ ಕೊಟ್ಟರೆ ಕೊನೆಯದೇ ನಡೆಯುತ್ತೆ, ಹಾಗಾಗಿ ಬಳಸುವವರ ಮಾತು ಕೊನೆಗೆ ಇರೋದು ಒಳ್ಳೇದು.

4. ಲಿಂಕ್ ಮಾಡುವವರಿಗೆ ಹೇಳಿರಲಿಲ್ಲ

ಈಗ ಕಂಪೈಲ್ ಆಯ್ತು, ಆದರೆ ಕೊನೆಯಲ್ಲಿ ಅನ್‌ಡಿಫೈನ್ಡ್ ರೆಫರೆನ್ಸ್ ಎರರ್‌ಗಳ ಸಾಲೇ ಬಂತು. ಎಲ್ಲದರ ಹೆಸರಲ್ಲೂ 'ಎಸ್ಯಾನ್' ಇತ್ತು. ಸ್ಯಾನಿಟೈಸರ್ ಒಂದು ಲೈಬ್ರರಿಯನ್ನೂ ಕೇಳುತ್ತೆ, ಆದ್ದರಿಂದ .ಓ ಫೈಲ್‌ಗಳನ್ನ ಜೋಡಿಸುವ ಸಾಲಿಗೂ ಅದೇ ಆಪ್ಷನ್ ಹೋಗಬೇಕು. ಲಿಂಕ್ ರೂಲ್‌ಗೂ $(ಸಿಫ್ಲ್ಯಾಗ್ಸ್) ಸೇರಿಸಿದೆ.

ಇಲ್ಲೇ ಇನ್ನೊಂದು ವಿಷಯ. ಲಿಂಕ್‌ಗೆ ಎರಡು ವೇರಿಯೇಬಲ್ ಇವೆ. ಎಲ್‌ಡಿಫ್ಲ್ಯಾಗ್ಸ್ .ಓ ಫೈಲ್‌ಗಳಿಗಿಂತ ಮುಂಚೆ ಬರುತ್ತೆ, ಎಲ್‌ಡಿಲಿಬ್ಸ್ ಕೊನೆಗೆ ಬರುತ್ತೆ. ಮ್ಯಾಥ್ ಲೈಬ್ರರಿಯ -ಎಲ್‌ಎಂ ಥರದ್ದು ಎಲ್‌ಡಿಲಿಬ್ಸ್‌ನಲ್ಲಿರಬೇಕು. ಯಾಕಂದ್ರೆ ಲಿಂಕರ್ ಎಡದಿಂದ ಬಲಕ್ಕೆ ನೋಡ್ಕೊಂಡು ಹೋಗುತ್ತೆ. ಯಾರೂ ಕೇಳೋ ಮೊದಲೇ ಲೈಬ್ರರಿ ಬಂದರೆ "ಬೇಕಾಗಿಲ್ಲ" ಅಂತ ಬಿಟ್ಟುಬಿಡಬಹುದು.

5. ಕೋಟ್ಸ್ ಮರೆತೆ

ತಪ್ಪಿನ ಲೈನ್ ನಂಬರ್ ಬೇಕು ಅಂದ್ರೆ -ಜಿ ಕೂಡ ಹಾಕಬೇಕು. ಆತುರದಲ್ಲಿ ಹೀಗೆ ಹೊಡೆದೆ:

ಮೇಕ್ ಸಿಫ್ಲ್ಯಾಗ್ಸ್=-ಜಿ -ಎಫ್‌ಸ್ಯಾನಿಟೈಜ್=ಅಡ್ರೆಸ್

"ಸ್ಯಾನಿಟೈಜ್=ಅಡ್ರೆಸ್ ಅನ್ನೋ ಫೈಲ್ ಇಲ್ಲ" ಅಂತ ಮೇಕ್ ಹೇಳಿತು. ಯಾವ ಫೈಲ್ ಮಾರಾಯ್ರೆ! ಆಮೇಲೆ ಅರ್ಥ ಆಯ್ತು. ಶೆಲ್ ಸ್ಪೇಸ್ ನೋಡಿದಲ್ಲಿ ಕತ್ತರಿಸುತ್ತೆ. ಸಿಫ್ಲ್ಯಾಗ್ಸ್‌ಗೆ ಸಿಕ್ಕಿದ್ದು -ಜಿ ಮಾತ್ರ. ಉಳಿದದ್ದು ಮೇಕ್‌ನ ಸ್ವಂತ ಆಪ್ಷನ್ ಆಗಿಬಿಟ್ಟಿತು. ಮೇಕ್‌ಗೆ -ಎಫ್ ಅಂದ್ರೆ "ಈ ಹೆಸರಿನ ಮೇಕ್‌ಫೈಲ್ ತಗೋ" ಅಂತ. ಅದು ಪಾಪ ಆ ಹೆಸರಿನ ಫೈಲ್ ಹುಡುಕ್ತಾ ಇತ್ತು. ಒಂದಕ್ಕಿಂತ ಹೆಚ್ಚು ಆಪ್ಷನ್ ಇದ್ದರೆ ಎಲ್ಲವನ್ನೂ ಒಂದೇ ಜೋಡಿ ಕೋಟ್ಸ್ ಒಳಗೆ ಹಾಕಿ:

ಮೇಕ್ -ಬಿ ಸಿಫ್ಲ್ಯಾಗ್ಸ್="-ಜಿ -ಎಫ್‌ಸ್ಯಾನಿಟೈಜ್=ಅಡ್ರೆಸ್"

ಕೊನೆಗೆ ನಮ್ಮ ಮೇಕ್‌ಫೈಲ್ ಹೀಗಾಯ್ತು. ಮುಖ್ಯ.ಓ ರೂಲ್ ಕೂಡ ಲೆಕ್ಕ.ಓ ಥರವೇ, ಅದಕ್ಕೆ ಇಲ್ಲಿ ಬಿಟ್ಟಿದ್ದೀನಿ:

ಸಿಸಿ = ಜಿಸಿಸಿ
ಸಿಫ್ಲ್ಯಾಗ್ಸ್ = -ಜಿ
ಕಡ್ಡಾಯ = -ವಾಲ್ -ಐ ಇನ್‌ಕ್ಲೂಡ್

ಲೆಕ್ಕ: ಮುಖ್ಯ.ಓ ಲೆಕ್ಕ.ಓ
    $(ಸಿಸಿ) $(ಸಿಫ್ಲ್ಯಾಗ್ಸ್) $(ಎಲ್‌ಡಿಫ್ಲ್ಯಾಗ್ಸ್) -ಓ ಲೆಕ್ಕ ಮುಖ್ಯ.ಓ ಲೆಕ್ಕ.ಓ $(ಎಲ್‌ಡಿಲಿಬ್ಸ್)

ಲೆಕ್ಕ.ಓ: ಲೆಕ್ಕ.ಸಿ
    $(ಸಿಸಿ) $(ಕಡ್ಡಾಯ) $(ಸಿಫ್ಲ್ಯಾಗ್ಸ್) -ಸಿ ಲೆಕ್ಕ.ಸಿ

ರೂಲ್‌ನ ಕೆಳಗಿನ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ಹಾಕಿದರೆ ಮೇಕ್ ಒಪ್ಪಲ್ಲ. ಇದು ನಿಮಗೆ ಗೊತ್ತೇ ಇರುತ್ತೆ, ಆದರೂ ಹೇಳ್ತೀನಿ.

ಕೊನೆಗೂ ಸಿಕ್ಕಿದ್ದು

ಈ ಸಲ ಓಡಿಸಿದ ತಕ್ಷಣ ಕೆಂಪು ಅಕ್ಷರದಲ್ಲಿ ಬಂತು: ಗ್ಲೋಬಲ್ ಬಫರ್ ಓವರ್‌ಫ್ಲೋ. ಜೊತೆಗೆ ಲೈನ್ ನಂಬರ್. ಆ ಲೈನ್ ನಾನೇ ಬರೆದಿದ್ದು. ದಿನದ ಮೊತ್ತಗಳಿಗೆ ಅಂತ 30 ಮನೆಯ ಗ್ಲೋಬಲ್ ಅರೇ ಮಾಡಿದ್ದೆ. ಸೆಪ್ಟೆಂಬರ್‌ಗೆ ಸಾಕಾಗಿತ್ತು, ಅಕ್ಟೋಬರ್‌ಗೆ 31 ದಿನ. ಅರೇಯ ಪಕ್ಕದಲ್ಲೇ ಮೆಮೊರಿಯಲ್ಲಿ ಕೂತಿದ್ದು 'ಒಟ್ಟು' ಅನ್ನೋ ವೇರಿಯೇಬಲ್. 31ನೇ ದಿನದ ಮೊತ್ತ ಓದಿದಾಗ ಅದು ಹೋಗಿ ಬಿದ್ದಿದ್ದು ಒಟ್ಟು ಒಳಗೆ. ಆಮೇಲೆ ಕೂಡಿಸುವ ಲೂಪ್ 30 ದಿನ ಸೇರಿಸಿತು. 31ನೇ ಮನೆ ಅಂದ್ರೆ ಒಟ್ಟು ತಾನೇ, ಹಾಗಾಗಿ ಕೊನೆಯಲ್ಲಿ ಒಟ್ಟಿಗೆ ಒಟ್ಟನ್ನೇ ಸೇರಿಸಿತು. ಅದಕ್ಕೇ ಸರಿಯಾಗಿ ಎರಡು ಪಟ್ಟು. ಗೆಳೆಯನ ಫೈಲ್‌ನಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ.

ನಾನು ಕ್ಲೀನ್ ಅಂತ ಹೇಳಿದಾಗ ಸುಳ್ಳು ಹೇಳಿರಲಿಲ್ಲ, ಆದರೆ ಪರೀಕ್ಷೆ ಮಾಡದೇ ಪಾಸ್ ಅಂದಿದ್ದೆ. ಆಪ್ಷನ್ ತಲುಪದಿದ್ದಾಗ ಬರುವ ಮೌನವೂ, ತಪ್ಪೇ ಇಲ್ಲದಿದ್ದಾಗ ಬರುವ ಮೌನವೂ ನೋಡೋಕೆ ಒಂದೇ ಥರ ಇರುತ್ತೆ. ಅದಕ್ಕೆ ಈಗ ಮೂರು ಅಭ್ಯಾಸ ಇಟ್ಟುಕೊಂಡಿದ್ದೀನಿ.

ಒಂದು, ಮೇಕ್‌ಗೆ -ಎನ್ ಮತ್ತು -ಬಿ ಎರಡೂ ಕೊಟ್ಟರೆ ಏನನ್ನೂ ಓಡಿಸದೆ ಓಡಿಸಬೇಕಾದ ಎಲ್ಲಾ ಸಾಲುಗಳನ್ನ ಬರೀ ತೋರಿಸುತ್ತೆ. ನಮ್ಮ ಆಪ್ಷನ್ ಕಂಪೈಲ್ ಸಾಲಲ್ಲೂ ಲಿಂಕ್ ಸಾಲಲ್ಲೂ ಇದೆಯಾ ಅಂತ ಕಣ್ಣಾರೆ ನೋಡಿ.

ಎರಡು, ಸಾಲುಗಳನ್ನ ಮುಚ್ಚಿಡುವ ಪ್ರಾಜೆಕ್ಟ್‌ಗಳೂ ಇವೆ. ಸಿಮೇಕ್ ಮಾಡಿಕೊಟ್ಟ ಮೇಕ್‌ಫೈಲ್‌ನಲ್ಲಿ ಪರ್ಸೆಂಟೇಜ್ ಮಾತ್ರ ಕಾಣುತ್ತೆ. ಅಲ್ಲಿ 'ಮೇಕ್ ವರ್ಬೋಸ್=1' ಅಂತ ಕೊಡಿ, ವರ್ಬೋಸ್ ಕ್ಯಾಪಿಟಲ್‌ನಲ್ಲಿ. ಇನ್ನೊಂದು ನೆನಪಿರಲಿ: ಸಿಮೇಕ್ ಎನ್ವಿರಾನ್‌ಮೆಂಟ್‌ನ ಸಿಫ್ಲ್ಯಾಗ್ಸ್ ನೋಡೋದು ಆ ಬಿಲ್ಡ್ ಫೋಲ್ಡರ್‌ನಲ್ಲಿ ಮೊದಲ ಸಲ ಕಾನ್ಫಿಗರ್ ಮಾಡಿದಾಗ ಮಾತ್ರ. ಆಮೇಲೆ ಕ್ಯಾಶ್‌ನಲ್ಲಿರೋದೇ ನಡೆಯುತ್ತೆ.

ಮೂರು, ಸ್ಯಾನಿಟೈಸರ್ ನಂಬೋ ಮೊದಲು ಬೇಕಂತಲೇ ಒಂದು ತಪ್ಪು ಸಾಲು ಬರೆದು ಅದು ಹಿಡಿಯುತ್ತಾ ನೋಡಿ. ಹಿಡಿದರೆ ಆ ಸಾಲು ತೆಗೆದು ಮುಂದಕ್ಕೆ ಹೋಗಿ. ಅರ್ಧ ನಿಮಿಷದ ಕೆಲಸ.

ಅವತ್ತು ಸಂಜೆ ಕ್ಯಾಂಟೀನ್‌ನಲ್ಲಿ ಗೆಳೆಯನಿಗೆ ಸಾರಿ ಕೇಳಿದೆ. ಅವನು ಏನೂ ಅನ್ನದೆ ಎರಡು ಪ್ಲೇಟ್ ಮಸಾಲೆ ದೋಸೆ ಆರ್ಡರ್ ಮಾಡಿ ಬಿಲ್ ನನ್ನ ಕಡೆ ತಳ್ಳಿದ. ಎರಡು ಯಾಕೋ ಅಂದ್ರೆ, "ನಿನ್ನ ಪ್ರೋಗ್ರಾಮ್ ಪ್ರಕಾರ ಒಂದೇ" ಅಂದ.