ಹಳೆಯ ಗಣಕಕ್ಕೆ ಹೊಸ ಸ್ಮೃತಿ

ಹತ್ತು ವರ್ಷ ದುಡಿದ ಗಣಕಯಂತ್ರವೊಂದು ಮನೆಯಲ್ಲಿದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿದೊಡನೆ ಅದು ಆಮೆಯ ನಡಿಗೆಗೆ ಇಳಿಯುತ್ತದೆ. ಇದಕ್ಕೆ ಮುಪ್ಪು ಬಂದಿತು, ಹೊಸದನ್ನು ಕೊಳ್ಳಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಯಂತ್ರದಲ್ಲಿ ಮುಪ್ಪಾದುದು ಯಾವ ಭಾಗ? ಅನೇಕ ವೇಳೆ ಯಾವ ಭಾಗವೂ ಅಲ್ಲ. ಕೆಲಸ ಮಾಡಲು ಅದಕ್ಕೆ ಸ್ಥಳ ಸಾಲದಾಗಿದೆ, ಅಷ್ಟೆ.

ಓದಲು ಕುಳಿತ ವಿದ್ಯಾರ್ಥಿಯನ್ನು ನೆನೆಯಿರಿ. ಬೇಕಾದ ಪುಸ್ತಕಗಳು ಮೇಜಿನ ಮೇಲಿದ್ದರೆ ಕೈಚಾಚಿ ತೆಗೆದುಕೊಳ್ಳಬಹುದು. ಮೇಜು ಚಿಕ್ಕದಾದರೆ ಒಂದು ಪುಸ್ತಕವನ್ನು ಬೀರುವಿಗೆ ಹಿಂದಿರುಗಿಸಿಯೇ ಇನ್ನೊಂದನ್ನು ತರಬೇಕು. ಗಣಕದ ಮೇಜೇ ರ‍್ಯಾಮ್ ಎಂಬ ಸ್ಮೃತಿ. ಬೀರುವೇ ಹಾರ್ಡ್ ಡಿಸ್ಕ್. ಸ್ಮೃತಿ ತುಂಬಿದಾಗ ಸದ್ಯಕ್ಕೆ ಬೇಡವಾದ ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುವ ಉಪಾಯವುಂಟು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಉದ್ಘಾಟನೆಗೊಂಡ ಅಟ್ಲಾಸ್ ಗಣಕವು ಈ ಉಪಾಯಕ್ಕೆ ದಾರಿ ತೋರಿಸಿತು.

ಉಪಾಯವೇನೋ ಒಳ್ಳೆಯದೇ, ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಲೆಕ್ಕ ಹಾಕಿ ನೋಡೋಣ. ಸ್ಮೃತಿಯಿಂದ ಒಂದು ಮಾಹಿತಿಯನ್ನು ಪಡೆಯಲು ಸುಮಾರು ಸೆಕೆಂಡಿನ ಕೋಟಿಯ ಒಂದು ಭಾಗ ಸಾಕು ಎನ್ನೋಣ. ಸುತ್ತುವ ತಟ್ಟೆಯುಳ್ಳ ಡಿಸ್ಕಿಗೆ ಸುಮಾರು ಸೆಕೆಂಡಿನ ನೂರರ ಒಂದು ಭಾಗ ಬೇಕು. ಎಂದರೆ ಒಂದು ಲಕ್ಷ ಪಟ್ಟು ನಿಧಾನ! ಮೇಜಿನ ಪುಸ್ತಕ ಒಂದು ಸೆಕೆಂಡಿನಲ್ಲಿ ಕೈಗೆ ಬಂದರೆ, ಬೀರುವಿನದು ಬರಲು 27 ಗಂಟೆಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆಯೆಂದಾಯಿತು. ಸಾವಿರ ಸಲ ಕೇಳಿದುದರಲ್ಲಿ ಒಂದು ಸಲ ಮಾತ್ರ ಡಿಸ್ಕಿಗೆ ಹೋಗಬೇಕಾಗಿ ಬಂದರೂ, 1,000 ಪಾಲು ಕಾಲದಲ್ಲಿ ಮುಗಿಯಬೇಕಾದ ಕೆಲಸಕ್ಕೆ 999 + 1,00,000, ಅಂದರೆ 1,00,999 ಪಾಲು ಕಾಲ ಬೇಕು. ಯಂತ್ರವು ನೂರು ಪಟ್ಟು ನಿಧಾನವಾಯಿತು. ಸುತ್ತುವ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿ ಹಾಕಿದರೆ ಈ ಅಂತರ ಬಹಳ ಕಡಮೆಯಾದರೂ ಅಳಿಯುವುದಿಲ್ಲ.

ಹೊಸ ವ್ಯವಸ್ಥೆಗಳ ಹಸಿವು ಹೇಗೆ ಬೆಳೆದಿದೆ ನೋಡಿರಿ. 1995ರ ವಿಂಡೋಸ್ 95ಕ್ಕೆ ಕನಿಷ್ಠ 4 ಮೆಗಾಬೈಟ್ ಸ್ಮೃತಿ ಸಾಕಾಗಿತ್ತು. 2001ರ ಎಕ್ಸ್‌ಪಿಗೆ 64 ಮೆಗಾಬೈಟ್, 2021ರ ವಿಂಡೋಸ್ 11ಕ್ಕೆ 4 ಗಿಗಾಬೈಟ್. ಇಪ್ಪತ್ತಾರು ವರ್ಷಗಳಲ್ಲಿ 1,024 ಪಟ್ಟು! ಇದೂ ಕೇವಲ ಕನಿಷ್ಠ ಅಗತ್ಯ; ಸುಗಮವಾಗಿ ನಡೆಯಲು ಇನ್ನೂ ಹೆಚ್ಚು ಬೇಕು.

ಹಾಗಾದರೆ ಸ್ಮೃತಿಯನ್ನು ಹೆಚ್ಚಿಸಬಹುದಲ್ಲವೆ? ಹೆಚ್ಚಿಸಬಹುದು, ಆದರೆ ಹಣ ತೆರುವ ಮೊದಲು ಮೂರು ಸಂಗತಿಗಳನ್ನು ಪರೀಕ್ಷಿಸಬೇಕು.

ಮೊದಲನೆಯದು ಜಾತಿ. ಡಿಡಿಆರ್3 ಸ್ಮೃತಿಪಟ್ಟಿಯು ಡಿಡಿಆರ್4ರ ಜಾಗದಲ್ಲಿ ಕೂರದು. ಅವುಗಳ ಅಂಚಿನಲ್ಲಿರುವ ಕಚ್ಚಿನ ಸ್ಥಾನವೇ ಬೇರೆ, ಬೇಕಾದ ವೋಲ್ಟೇಜೂ ಬೇರೆ: ಮೊದಲನೆಯದಕ್ಕೆ 1.5, ಎರಡನೆಯದಕ್ಕೆ 1.2. ಎರಡನೆಯದು ಮಿತಿ. ಪ್ರತಿಯೊಂದು ಮದರ್‌ಬೋರ್ಡಿಗೂ ಇಷ್ಟೇ ಸ್ಮೃತಿಯೆಂಬ ಕಟ್ಟುಂಟು. ಕೆಲವು ಲ್ಯಾಪ್‌ಟಾಪ್‌ಗಳಲ್ಲಂತೂ ಸ್ಮೃತಿಯನ್ನು ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. ಮೂರನೆಯದು ವಿಳಾಸ. ಸಾಮಾನ್ಯವಾದ 32 ಬಿಟ್ ವ್ಯವಸ್ಥೆಯಲ್ಲಿ ವಿಳಾಸಗಳ ಸಂಖ್ಯೆ 2ರ 32ನೆಯ ಘಾತ, ಅಂದರೆ 4 ಗಿಗಾಬೈಟಿಗೆ ಸಾಕಾಗುವಷ್ಟು ಮಾತ್ರ. ವಿಳಾಸವಿಲ್ಲದ ಮನೆಗೆ ಅಂಚೆ ತಲುಪದಂತೆ, ಅದಕ್ಕೆ ಮೇಲ್ಪಟ್ಟ ಸ್ಮೃತಿಯು ನಿರುಪಯೋಗಿ. 64 ಬಿಟ್ ಸಂಸ್ಕಾರಕವೂ ವ್ಯವಸ್ಥೆಯೂ ಇದ್ದರೆ ಈ ತೊಡಕಿಲ್ಲ.

ಪಟ್ಟಿಯನ್ನು ಕೂರಿಸುವಾಗ ವಿದ್ಯುತ್ ಸಂಪರ್ಕವನ್ನು ಪೂರ್ತಿಯಾಗಿ ಕಳಚಿರಿ. ಲ್ಯಾಪ್‌ಟಾಪಾದರೆ ಬ್ಯಾಟರಿಯನ್ನೂ ತೆಗೆಯಿರಿ. ಮೈಯಲ್ಲಿ ಸಂಗ್ರಹವಾದ ಸ್ಥಾಯೀ ವಿದ್ಯುತ್ತಿನಿಂದ ಸೂಕ್ಷ್ಮ ಮಂಡಲಗಳು ಕೆಡಬಹುದಾದುದರಿಂದ, ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಪಟ್ಟಿಯನ್ನು ಅಂಚಿನಲ್ಲಿಯೇ ಹಿಡಿಯಬೇಕು. ಕಚ್ಚು ಸರಿಹೊಂದದಿದ್ದರೆ ಬಲ ಪ್ರಯೋಗ ಸಲ್ಲದು.

ಆದರೂ ಸ್ಮೃತಿಯೊಂದೇ ಸರ್ವರೋಗಕ್ಕೂ ಮದ್ದಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ವಿಂಡೋಸ್ 11, ಟಿಪಿಎಮ್ 2.0 ಎಂಬ ರಕ್ಷಣಾ ಸಾಧನವನ್ನೂ ತಾನು ಒಪ್ಪಿದ ಸಂಸ್ಕಾರಕವನ್ನೂ ಕೇಳುತ್ತದೆ. ಇವಿಲ್ಲದ ಯಂತ್ರಕ್ಕೆ ಎಷ್ಟು ಸ್ಮೃತಿ ಸೇರಿಸಿದರೂ ಅಧಿಕೃತವಾಗಿ ಪ್ರವೇಶವಿಲ್ಲ. ಅಂತಹ ಯಂತ್ರಕ್ಕೂ ಲಿನಕ್ಸಿನ ದಾರಿ ತೆರೆದಿದೆ. ಲಿನಕ್ಸ್ ಮಿಂಟ್ ಕನಿಷ್ಠ 2 ಗಿಗಾಬೈಟ್ ಕೇಳುತ್ತದೆ, 4 ಇದ್ದರೆ ಹಿತವೆನ್ನುತ್ತದೆ.

ಆದುದರಿಂದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರ ಮುಚ್ಚಳ ತೆರೆದು ನೋಡಿರಿ. ರೋಗವನ್ನು ತಿಳಿಯದೆ ರೋಗಿಯನ್ನು ಕೈಬಿಡುವುದು ವೈದ್ಯನಿಗೂ ಸಲ್ಲದು, ವಿಜ್ಞಾನದ ವಿದ್ಯಾರ್ಥಿಗೂ ಸಲ್ಲದು.